ಕಲಬುರಗಿಯಲ್ಲೇ ಕೂತು ಸಾಕ್ಷ್ಯಚಿತ್ರಕ್ಕೆ ಸಂಗೀತ ಮಾಡುವುದು ಹೇಗೆ

ಸಾಕ್ಷ್ಯಚಿತ್ರಕ್ಕೆ, ಟಿವಿ ಕಾರ್ಯಕ್ರಮಕ್ಕೆ ಸಂಗೀತ ಮಾಡಬೇಕು ಅಂತ ಆಸೆ ಇರುವವರು ನಮ್ಮ ಕಡೆ ಈಗ ತುಂಬಾ ಜನ ಸಿಗುತ್ತಾರೆ. ಭಜನೆಗೆ ತಬಲಾ ಕೊಡುವವರು, ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವವರು, ಲ್ಯಾಪ್‌ಟಾಪಿನಲ್ಲಿ ಬೀಟ್ ಮಾಡುತ್ತಾ ಕೂರುವ ಕಾಲೇಜು ಹುಡುಗರು. ಎಲ್ಲರ ಮೊದಲ ಪ್ರಶ್ನೆ ಒಂದೇ: ಬೆಂಗಳೂರಿಗೆ ಹೋಗಲೇಬೇಕಾ? ಶುರು ಮಾಡುವುದಕ್ಕಂತೂ ಬೇಡ. ಟಿವಿ ಅನ್ನುವುದೇ ದೂರದ ಊರಿನ ವಿಷಯ ಅಂತ ನಾವು ಅಂದುಕೊಳ್ಳಬೇಕಾಗಿಲ್ಲ. 1975-76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸುವ ಸೈಟ್ ಪ್ರಯೋಗ ನಡೆದಾಗ ನಮ್ಮ ಭಾಗದ ಹಳ್ಳಿಗಳೂ ಅದರಲ್ಲಿದ್ದವು, 1977ರಲ್ಲೇ ಇಲ್ಲಿ ದೂರದರ್ಶನ ಕೇಂದ್ರ ಬಂತು, ಬೆಂಗಳೂರಿಗೆ ಬಂದಿದ್ದು 1981ರಲ್ಲಿ. ರೈತರ ಬಗ್ಗೆ, ನೀರಿನ ಬಗ್ಗೆ, ಕಸುಬುಗಳ ಬಗ್ಗೆ ಇಲ್ಲಿ ಚಿತ್ರ ಮಾಡುವವರು ಆಗಲೂ ಇದ್ದರು, ಈಗಲೂ ಇದ್ದಾರೆ.

ಮೊದಲು ಈ ಕೆಲಸ ಏನು ಅಂತ ತಿಳಿದುಕೊಳ್ಳಿ. ಸಿನಿಮಾದಲ್ಲಿ ಹೀರೋ ನಡೆದು ಬರುವಾಗ ಅವನಿಗೆ ತೂಕ ಕೊಡುವುದೇ ಬಿಜಿಎಂ, ಅಂದರೆ ಹಿನ್ನೆಲೆ ಸಂಗೀತ. ಸಾಕ್ಷ್ಯಚಿತ್ರದಲ್ಲಿ ಎದುರಿಗೆ ಕೂತಿರುವವರು ನಿಜವಾದ ಮನುಷ್ಯರು. ನೆಟೆ ರೋಗ ಬಂದು ತೊಗರಿ ಒಣಗಿಹೋಯಿತು ಅಂತ ಆಳಂದ ಕಡೆಯ ರೈತರೊಬ್ಬರು ಹೇಳುತ್ತಿದ್ದರೆ ಆ ಮಾತಿಗೆ ತನ್ನದೇ ತೂಕ ಇರುತ್ತದೆ. ಅದರ ಕೆಳಗೆ ಅಳುವ ಪಿಟೀಲು ಹಾಕಿದರೆ, ನೋಡುವವರಿಗೆ ಇಲ್ಲಿ ಅಳಬೇಕು ಅಂತ ಹುಕುಂ ಮಾಡಿದ ಹಾಗಾಗುತ್ತದೆ, ರೈತನ ಮಾತಿನ ಮೇಲಿನ ನಂಬಿಕೆಯೇ ಸ್ವಲ್ಪ ಕಡಿಮೆಯಾಗುತ್ತದೆ. ಎಲ್ಲಿ ಸಂಗೀತ ಬೇಡ ಅಂತ ಗೊತ್ತಿರುವುದೇ ಈ ಕಸುಬಿನ ಅರ್ಧಕ್ಕಿಂತ ಜಾಸ್ತಿ ಭಾಗ ಅಂತ ನಾನು ನಂಬಿದ್ದೇನೆ. ಮುಂದೆ ಹೇಳುವ ಸಲಕರಣೆ, ವಿಧಾನ, ದುಡ್ಡಿನ ವಿಷಯ ಎಲ್ಲವೂ ಈ ಮಾತಿಗೇ ಬಂದು ಸೇರುತ್ತವೆ.

ಕಿವಿ ಮೊದಲು, ಲ್ಯಾಪ್‌ಟಾಪ್ ಆಮೇಲೆ

ನಮ್ಮಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಕನ್ನಡ, ದಖನಿ, ತೆಲುಗು, ಮರಾಠಿ, ಲಂಬಾಣಿ ಎಲ್ಲಾ ಕಿವಿಗೆ ಬೀಳುತ್ತವೆ. ಒಬ್ಬರು ಮಾತಿನ ಕೊನೆ ಎಳೆಯುತ್ತಾರೆ, ಇನ್ನೊಬ್ಬರು ಕತ್ತರಿಸಿದ ಹಾಗೆ ನಿಲ್ಲಿಸುತ್ತಾರೆ. ಈ ಏರಿಳಿತ ಗೊತ್ತಿದ್ದವರಿಗೆ ಮಾತಿನ ನಡುವೆ ಸ್ವರ ಎಲ್ಲಿ ಬರಬಹುದು ಅಂತ ತಾನಾಗಿ ಗೊತ್ತಾಗುತ್ತದೆ. ಹೊರಗಿನಿಂದ ಬಂದ ಸಂಗೀತ ನಿರ್ದೇಶಕರಿಗೆ ಇದು ಸುಲಭಕ್ಕೆ ಸಿಗುವುದಿಲ್ಲ, ನಿಮಗೆ ಹುಟ್ಟಿನಿಂದ ಬಂದಿದೆ.

ಹಾಗಾಗಿ ಕೈಯಲ್ಲಿ ಹಿಡಿಯುವ ಒಂದು ರೆಕಾರ್ಡರ್ ತೆಗೆದುಕೊಳ್ಳಿ, ದುಡ್ಡಿಲ್ಲದಿದ್ದರೆ ಫೋನೇ ಇರಲಿ, ಕೇಳುವುದಕ್ಕೆ ಹೊರಡಿ. ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುವವರು ಜೇವರ್ಗಿ, ಶಹಾಪುರ ಕಡೆ ಇನ್ನೂ ಇದ್ದಾರೆ. ಏಕತಾರಿ, ದಮ್ಮಡಿ, ತಾಳ ಇಷ್ಟರಲ್ಲೇ ರಾತ್ರಿ ಕಳೆಯುತ್ತದೆ. ಮೊಹರಂನಲ್ಲಿ ಅಲಾಯಿ ಕುಣಿತದ ಹಲಗೆ ಕೇಳಿ, ಬಂದೇ ನವಾಜ್ ದರ್ಗಾದ ಉರುಸಿನಲ್ಲಿ ಕವ್ವಾಲಿ ಕೇಳಿ, ಯಾದಗಿರಿಯ ಮೈಲಾಪುರ ಜಾತ್ರೆಗೆ ಹೋಗಿ, ತಾಂಡಾದ ಹೆಂಗಸರು ಸಾಲಾಗಿ ನಿಂತು ಹಾಡುವುದನ್ನು ಕೇಳಿ. ರೆಕಾರ್ಡ್ ಮಾಡುವ ಮೊದಲು ಅವರ ಒಪ್ಪಿಗೆ ಪಡೆದೇ ಮಾಡಿ, ಅದರ ಬಗ್ಗೆ ಕೊನೆಗೆ ಬರೆಯುತ್ತೇನೆ.

ಕೇಳುವುದು ಅಂದರೆ ಸುಮ್ನೆ ಖುಷಿಗೆ ಕೇಳುವುದಷ್ಟೇ ಸಾಲದು. ಹಲಗೆಯನ್ನೇ ತೆಗೆದುಕೊಳ್ಳಿ. ಬಾರಿಸುವ ಮೊದಲು ಬೆಂಕಿಗೆ ಹಿಡಿದು ಕಾಯಿಸುತ್ತಾರೆ, ಚರ್ಮ ಬಿಗಿಯಾಗಿ ಸದ್ದು ಏರುತ್ತದೆ. ಸ್ವಲ್ಪ ಹೊತ್ತು ಬಾರಿಸಿದ ಮೇಲೆ, ಗಾಳಿಯಲ್ಲಿ ತೇವ ಇದ್ದರಂತೂ ಬೇಗ, ಮತ್ತೆ ಇಳಿಯುತ್ತದೆ. ನೀವು ಬೆಳಿಗ್ಗೆ ಒಂದು ತುಣುಕು, ಸಂಜೆ ಒಂದು ತುಣುಕು ರೆಕಾರ್ಡ್ ಮಾಡಿ ಜೋಡಿಸಲು ಹೋದರೆ ಎರಡೂ ಕೂಡುವುದಿಲ್ಲ. ಆದ್ದರಿಂದ ಕಾಯಿಸಿದ ಕೂಡಲೇ ಬೇಕಾದ ಎಲ್ಲಾ ಪೆಟ್ಟುಗಳನ್ನು ಒಂದೊಂದಾಗಿ, ನಡುವೆ ಜಾಗ ಬಿಟ್ಟು ತೆಗೆದುಕೊಳ್ಳಿ. ಇಂಥದ್ದು ಯಾವ ಸ್ಯಾಂಪಲ್ ಲೈಬ್ರರಿಯಲ್ಲೂ (ಮೊದಲೇ ರೆಕಾರ್ಡ್ ಮಾಡಿಟ್ಟ ವಾದ್ಯದ ಸದ್ದುಗಳ ಸಂಗ್ರಹ) ಬರೆದಿರುವುದಿಲ್ಲ, ಬಾರಿಸುವವರ ಪಕ್ಕದಲ್ಲಿ ಕೂತರೆ ಮಾತ್ರ ಗೊತ್ತಾಗುತ್ತದೆ.

ಹಳೆಯ ಸಾಕ್ಷ್ಯಚಿತ್ರಗಳನ್ನೂ ನೋಡಿ. 1948ರಲ್ಲಿ ಶುರುವಾದ, ಕೇಂದ್ರ ಸರ್ಕಾರದ ಸಾಕ್ಷ್ಯಚಿತ್ರ ಸಂಸ್ಥೆ ಫಿಲ್ಮ್ಸ್ ಡಿವಿಜನ್ ಈಗ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ (ಎನ್‌ಎಫ್‌ಡಿಸಿ) ಸೇರಿಹೋಗಿದೆ, ಆದರೆ ಅದರ ಎಷ್ಟೋ ಚಿತ್ರಗಳು ಯೂಟ್ಯೂಬಿನಲ್ಲಿ ಸಿಗುತ್ತವೆ. ಕೊಳಲು ವಾದಕ ವಿಜಯ ರಾಘವ ರಾವ್ ಅಲ್ಲಿ ಬಹಳ ಚಿತ್ರಗಳಿಗೆ ಸಂಗೀತ ಕೊಟ್ಟರು. ಒಂದು ಚಿತ್ರವನ್ನು ಮೊದಲು ಪೂರ್ತಿ ನೋಡಿ, ಆಮೇಲೆ ಕಣ್ಣು ಮುಚ್ಚಿ ಬರೀ ಕೇಳಿ, ಸಂಗೀತ ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ಚೀಟಿಯಲ್ಲಿ ಬರೆಯಿರಿ. ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಇದನ್ನು ಮಾಡಿ.

ಕೋಣೆ, ಕೌದಿ, ಇನ್ವರ್ಟರ್

ಬೇಕಾಗಿರುವುದು ಕಡಿಮೆ. ಒಂದು ಸಾಧಾರಣ ಲ್ಯಾಪ್‌ಟಾಪ್, ಎರಡು ಮೈಕ್ ಹಾಕುವಂಥ ಒಂದು ಆಡಿಯೊ ಇಂಟರ್‌ಫೇಸ್ (ಮೈಕಿನ ಸದ್ದನ್ನು ಲ್ಯಾಪ್‌ಟಾಪಿಗೆ ಮುಟ್ಟಿಸುವ ಪೆಟ್ಟಿಗೆ), ಸಣ್ಣ ಸದ್ದನ್ನೂ ಹಿಡಿಯುವ ಒಂದು ಕಂಡೆನ್ಸರ್ ಮೈಕ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್, ಚಿಕ್ಕ ಕೀಬೋರ್ಡ್. ರೆಕಾರ್ಡ್ ಮಾಡಿ ಜೋಡಿಸುವ ಸಾಫ್ಟ್‌ವೇರಿಗೆ ರೀಪರ್ ಸಾಕು, 60 ದಿನ ಪೂರ್ತಿ ಬಳಸಿ ನೋಡಬಹುದು, ಆಮೇಲೆ ಚಿಕ್ಕ ಮಟ್ಟದಲ್ಲಿ ಕೆಲಸ ಮಾಡುವವರಿಗೆ ಲೈಸೆನ್ಸ್ 60 ಡಾಲರ್. ಕಳ್ಳ ಸಾಫ್ಟ್‌ವೇರ್ ಬೇಡ. ನಿಮ್ಮ ಸಂಗೀತಕ್ಕೆ ದುಡ್ಡು ಕೊಡಿ ಅಂತ ಕೇಳಲು ಹೊರಟವರು ಇನ್ನೊಬ್ಬರ ಕೆಲಸವನ್ನು ಪುಕ್ಕಟೆ ತೆಗೆದುಕೊಳ್ಳಬಾರದು ಅಲ್ವಾ.

ನಮ್ಮ ಮನೆಗಳ ಸಮಸ್ಯೆ ಬೇರೆ. ನೆಲಕ್ಕೆ ಶಹಾಬಾದ್ ಕಲ್ಲು, ಹಳೇ ಮನೆಯಾದರೆ ಗೋಡೆಗೂ ಕಲ್ಲೇ. ಚಪ್ಪಾಳೆ ತಟ್ಟಿದರೆ ಸದ್ದು ಗೋಡೆಯಿಂದ ಗೋಡೆಗೆ ಓಡಾಡುತ್ತದೆ. ಫೋಮ್ ತರಿಸುವ ಮೊದಲು ಮನೆಯಲ್ಲಿರುವ ಕೌದಿಗಳನ್ನು ತೆಗೆಯಿರಿ. ಎರಡು ಪದರ ಕೌದಿಯನ್ನು ಗೋಡೆಯಿಂದ ನಾಲ್ಕೈದು ಬೆರಳು ದೂರ ಇರುವ ಹಾಗೆ ಹಗ್ಗಕ್ಕೆ ಹಾಕಿ, ಕೆಳಗೆ ಜಮಖಾನ ಹಾಸಿ, ಹಾಡುವವರನ್ನು ನಡುವೆ ಕೂರಿಸಿ. ಧ್ವನಿ ಮತ್ತು ಏಕತಾರಿಗೆ ಇಷ್ಟು ಸಾಕಾಗುತ್ತದೆ. ಬೇಸಿಗೆಯಲ್ಲಿ ಫ್ಯಾನ್ ನಿಲ್ಲಿಸಿ ರೆಕಾರ್ಡ್ ಮಾಡುವುದು ಎಂಥಾ ಕಷ್ಟ ಅಂತ ಕಲಬುರಗಿಯವರಿಗೆ ಹೇಳಬೇಕಾಗಿಲ್ಲ, ಆದ್ದರಿಂದ ಏಪ್ರಿಲ್, ಮೇ ತಿಂಗಳಲ್ಲಿ ನಸುಕಿನ ಹೊತ್ತೇ ಸರಿ. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ನಡೆಯುವಾಗ ಗುಂಯ್ ಅನ್ನುವ ಸದ್ದು ಸೇರಿಕೊಂಡರೆ ಚಾರ್ಜರ್ ತೆಗೆದು ಲ್ಯಾಪ್‌ಟಾಪನ್ನು ಬರೀ ಬ್ಯಾಟರಿ ಮೇಲೆ ಓಡಿಸಿ ನೋಡಿ, ಬಹಳ ಸಲ ಅಲ್ಲಿಗೇ ನಿಲ್ಲುತ್ತದೆ.

ಗುಂಗು, ಅಂದರೆ ಸದ್ದು ನಿಂತ ಮೇಲೂ ಉಳಿಯುವ ಪ್ರತಿಧ್ವನಿ, ಬೇಕಾದಾಗ ಅದಕ್ಕೂ ಊರಲ್ಲೇ ಜಾಗ ಇದೆ. ಹಳೇ ವಾಡೆಯ ಪಡಸಾಲೆ, ಖಾಲಿ ಬಿದ್ದ ಉಗ್ರಾಣ, ಮೆಟ್ಟಿಲು ಬಾವಿ. ಅಲ್ಲಿ ಒಂದು ಬಲೂನ್ ಒಡೆದು ಆ ಸದ್ದು ಆರುವ ತನಕ ರೆಕಾರ್ಡ್ ಮಾಡಿ, ಅದನ್ನು ಕನ್ವಲ್ಯೂಷನ್ ರಿವರ್ಬ್ ಅನ್ನುವ, ಜಾಗದ ಪ್ರತಿಧ್ವನಿ ಸೇರಿಸುವ ಸಾಧನಕ್ಕೆ ಹಾಕಿದರೆ ನಿಮ್ಮ ಕೋಣೆಯಲ್ಲಿ ನುಡಿಸಿದ ಸ್ವರ ಆ ಜಾಗದಲ್ಲೇ ನುಡಿಸಿದ ಹಾಗೆ ಕೇಳುತ್ತದೆ. ರೀಪರಿನಲ್ಲಿ ಇದಕ್ಕೆ ಬೇಕಾದ ಪ್ಲಗಿನ್ ಜೊತೆಗೇ ಬರುತ್ತದೆ. ಪುರಾತತ್ವ ಇಲಾಖೆಯ ಸ್ಮಾರಕ, ಪೂಜೆ ಪ್ರಾರ್ಥನೆ ನಡೆಯುವ ಜಾಗ ಆದರೆ ಅನುಮತಿ ಇಲ್ಲದೆ ಇದನ್ನು ಮಾಡಬೇಡಿ.

ಚಿತ್ರ ಕೈಗೆ ಬಂದಾಗ

ನಿರ್ದೇಶಕರು, ಎಡಿಟರ್ ಜೊತೆ ಕೂತು ಚಿತ್ರ ಪೂರ್ತಿ ನೋಡಿ ಎಲ್ಲೆಲ್ಲಿ ಸಂಗೀತ ಅಂತ ಗುರುತು ಹಾಕಿಕೊಳ್ಳುವುದಕ್ಕೆ ಸ್ಪಾಟಿಂಗ್ ಅನ್ನುತ್ತಾರೆ. ಶುರುವಾಗುವ ಹೊತ್ತು, ಮುಗಿಯುವ ಹೊತ್ತು, ಯಾಕೆ ಬೇಕು, ಈ ಮೂರನ್ನೂ ಬರೆಯಿರಿ. ಪ್ರತಿ ಜಾಗದಲ್ಲೂ ಇಲ್ಲಿ ಸಂಗೀತ ತೆಗೆದರೆ ಏನು ಕಳೆಯುತ್ತದೆ ಅಂತ ಕೇಳಿ. ಉತ್ತರ ಬರದಿದ್ದರೆ ಅಲ್ಲಿ ಸಂಗೀತ ಬೇಡ.

ಎಡಿಟಿಂಗ್ ಟೇಬಲ್ ಮೇಲೆ ಆಗಲೇ ಯಾವುದೋ ಚಿತ್ರದ ಸಂಗೀತ ಹಾಕಿಟ್ಟಿರುತ್ತಾರೆ, ಅದು ಟೆಂಪ್ ಟ್ರ್ಯಾಕ್. ತಿಂಗಳುಗಟ್ಟಲೆ ಅದನ್ನೇ ಕೇಳಿ ನಿರ್ದೇಶಕರಿಗೆ ಅದರ ಮೇಲೆ ಮೋಹ ಹುಟ್ಟಿರುತ್ತದೆ, ಇದೇ ಥರ ಕೊಡಿ ಅನ್ನುತ್ತಾರೆ. ಆ ಟ್ಯೂನ್ ಹತ್ತಿರಕ್ಕೂ ಹೋಗಬೇಡಿ, ಕಾನೂನಿನ ತೊಂದರೆ. ಅದರಲ್ಲಿ ನಿಮಗೆ ಹಿಡಿಸಿದ್ದೇನು, ನಡಿಗೆಯಾ, ಮೌನವಾ, ಒಂಟಿ ವಾದ್ಯವಾ ಅಂತ ಕೆದಕಿ ಕೇಳಿ, ಅದನ್ನಷ್ಟೇ ತೆಗೆದುಕೊಳ್ಳಿ. ಇದಕ್ಕಿಂತ ಒಳ್ಳೆ ದಾರಿ ಇನ್ನೊಂದಿದೆ. ಶೂಟಿಂಗ್ ನಡೆಯುತ್ತಿರುವಾಗಲೇ, ಎಡಿಟಿಂಗ್ ಶುರುವಾಗುವ ಮೊದಲೇ, ವಿಷಯ ಕೇಳಿಕೊಂಡು ಮೂರು ನಾಲ್ಕು ನಿಮಿಷದ ಕೆಲವು ತುಣುಕು ಮಾಡಿ ಎಡಿಟರ್‌ಗೆ ಕೊಟ್ಟುಬಿಡಿ. ಅವರು ನಿಮ್ಮ ಸಂಗೀತಕ್ಕೇ ಕತ್ತರಿಸುತ್ತಾ ಹೋಗುತ್ತಾರೆ, ಬೇರೆಯವರ ಟ್ರ್ಯಾಕ್ ಬರುವುದಕ್ಕೆ ಜಾಗವೇ ಇರುವುದಿಲ್ಲ. ಎಡಿಟರ್ ಜೊತೆಗಿನ ಸ್ನೇಹ ಈ ಕಸುಬಿನಲ್ಲಿ ನಿರ್ದೇಶಕರ ಜೊತೆಗಿನ ಸ್ನೇಹಕ್ಕಿಂತ ಒಂದು ಕೈ ಮೇಲು.

ಒಂದು ದೃಶ್ಯ ತೆಗೆದುಕೊಂಡು ಹೇಳುತ್ತೇನೆ. ಬೀದರಿನ ಬಿದ್ರಿ ಕುಶಲಕರ್ಮಿ ಒಬ್ಬರ ಮೇಲೆ ಚಿತ್ರ ಅಂತಿಟ್ಟುಕೊಳ್ಳಿ. ಒಟ್ಟು 1 ನಿಮಿಷ 50 ಸೆಕೆಂಡ್. ಮೊದಲ 25 ಸೆಕೆಂಡ್ ಅವರು ಉಳಿಯಿಂದ ಹೂಜಿ ಮೇಲೆ ಬಳ್ಳಿ ಕೆತ್ತುತ್ತಿದ್ದಾರೆ. ಆಮೇಲೆ 40 ಸೆಕೆಂಡ್ ಮಾತು, ಮಕ್ಕಳು ಈ ಕೆಲಸಕ್ಕೆ ಬರಲಿಲ್ಲ ಅಂತ. ಮಾತು ನಿಲ್ಲುತ್ತದೆ, 10 ಸೆಕೆಂಡ್ ಸುಮ್ಮನೆ ಕೂತಿದ್ದಾರೆ. ಕೊನೆಯ 35 ಸೆಕೆಂಡ್, ಬೆಳ್ಳಿ ಕೂರಿಸಿದ ಹೂಜಿಯನ್ನು ಬಿಸಿ ಮಾಡಿ, ಕೋಟೆಯ ಮಣ್ಣಿಗೆ ನವಸಾಗರ ಕಲಸಿ ಉಜ್ಜುತ್ತಾರೆ. ಸತು, ತಾಮ್ರ ಬೆರೆತ ಬೂದು ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಉಳಿದು ಹೊಳೆಯುತ್ತದೆ.

ಹೊಸಬರು 1 ನಿಮಿಷ 50 ಸೆಕೆಂಡಿಗೂ ಸಿತಾರ್ ಹಾಕಿಬಿಡುತ್ತಾರೆ. ನಾನಾದರೆ ಮೊದಲ 25 ಸೆಕೆಂಡಿಗೆ ಏನೂ ಹಾಕುವುದಿಲ್ಲ, ಉಳಿಯ ಪೆಟ್ಟೇ ಅಲ್ಲಿ ತಾಳ. ಆ ಪೆಟ್ಟಿಗೆ ಲೋಹ ಯಾವ ಶ್ರುತಿಯಲ್ಲಿ ಗುಂಯ್ಗುಡುತ್ತದೆ ಅಂತ ಹುಡುಕಿ ಬರೆದಿಟ್ಟುಕೊಳ್ಳಬೇಕು. ಮಾತಿನ ಕೆಳಗೂ ಏನಿಲ್ಲ. ಮಾತು ನಿಂತ ಕೂಡಲೇ ಸಂಗೀತ ಎದ್ದರೆ ಅವರ ಮೌನವನ್ನು ನಾವು ಕಿತ್ತುಕೊಂಡ ಹಾಗೆ, ಆ 10 ಸೆಕೆಂಡ್ ಅವರದ್ದೇ. ಕಪ್ಪು ಬಣ್ಣ ಏರಲು ಶುರುವಾದಾಗ, ಮೊದಲೇ ಬರೆದಿಟ್ಟ ಆ ಶ್ರುತಿಯಲ್ಲೇ ಒಂದು ಉದ್ದ ಸ್ವರ ಕೆಳಗಿನಿಂದ ಬರಲಿ, ಅದರ ಮೇಲೆ ಏಕತಾರಿಯ ನಾಲ್ಕಾರು ಮೀಟು. ಉಳಿಯ ಪೆಟ್ಟು ನಿಮಿಷಕ್ಕೆ 120ರ ಹತ್ತಿರ ಇದ್ದರೆ ಸಂಗೀತದ ಲಯವನ್ನು 60ಕ್ಕೆ ಇಡಿ, ನಡಿಗೆ ಮೊದಲಿನದೇ ಅನ್ನಿಸುತ್ತದೆ, ಆದರೆ ಉಸಿರು ನಿಧಾನವಾಗಿರುತ್ತದೆ. 110 ಸೆಕೆಂಡಿನಲ್ಲಿ ನಿಮ್ಮದು 35, ಸಾಕು.

ಮಾತಿನ ಕೆಳಗೆ ಸಂಗೀತ ಬೇಕೇಬೇಕು ಅನ್ನುವ ಜಾಗಗಳೂ ಬರುತ್ತವೆ, ನಿರೂಪಣೆ ಇರುವ ಚಿತ್ರದಲ್ಲಂತೂ ಜಾಸ್ತಿ. ಮಾತಿನ ಅಕ್ಷರಗಳು ಸ್ಪಷ್ಟವಾಗಿ ಕೇಳುವುದು ಸುಮಾರು 1ರಿಂದ 4 ಕಿಲೋಹರ್ಟ್ಸ್ ನಡುವೆ. ಹಾರ್ಮೋನಿಯಂ, ಶಹನಾಯಿ, ಸಾರಂಗಿಯ ಬಲವೂ ಬಹುಪಾಲು ಅಲ್ಲೇ ಇರುವುದರಿಂದ ಮಾತಿಗೆ ಅಡ್ಡ ನಿಲ್ಲುತ್ತವೆ. ಅಲ್ಲಿ ಮಂದ್ರದ ಸ್ವರ, ಬಿಡಿ ಬಿಡಿ ಮೀಟು ಒಳ್ಳೆಯದು, ಈಕ್ವಲೈಸರಿನಲ್ಲಿ 2 ಕಿಲೋಹರ್ಟ್ಸ್ ಸುತ್ತ ಎರಡು ಮೂರು ಡೆಸಿಬಲ್ ಇಳಿಸಿ. ಆಮೇಲೆ ಫೋನಿನ ಚಿಕ್ಕ ಸ್ಪೀಕರಿನಲ್ಲಿ ಹಾಕಿ, ಪಕ್ಕದ ಕೋಣೆಯಿಂದ ಕೇಳಿ. ಮಾತು ತಿಳಿಯಲಿಲ್ಲ ಅಂದರೆ ಸಂಗೀತ ಜಾಸ್ತಿಯಾಗಿದೆ.

ಎಡಿಟಿಂಗ್ ಮುಗಿಯಿತು ಅಂತ ಹೇಳಿದ ಮೇಲೂ ಸಾಕ್ಷ್ಯಚಿತ್ರ ಬದಲಾಗುತ್ತಲೇ ಇರುತ್ತದೆ. ಯಾರೋ ಅನುಮತಿ ವಾಪಸ್ ತೆಗೆದುಕೊಳ್ಳುತ್ತಾರೆ, ಚಾನೆಲ್‌ನವರು ನಾಲ್ಕು ನಿಮಿಷ ಕಡಿಮೆ ಮಾಡಿ ಅನ್ನುತ್ತಾರೆ. ಅದಕ್ಕೆ ಕತ್ತರಿಸಿದರೂ ಕೆಡದ ಹಾಗೆ ಚಿಕ್ಕ ಚಿಕ್ಕ ಸಾಲುಗಳಲ್ಲಿ ಬರೆಯಿರಿ, ತಾಳವಾದ್ಯ, ರಾಗ ನುಡಿಸುವ ವಾದ್ಯ, ಕೆಳಗಿನ ಶ್ರುತಿ ಬೇರೆ ಬೇರೆ ಫೈಲ್ ಮಾಡಿ ಕೊಡಿ. ಇವನ್ನು ಸ್ಟೆಮ್ ಅನ್ನುತ್ತಾರೆ. ವೇವ್ ಫೈಲ್, 48 ಕಿಲೋಹರ್ಟ್ಸ್, 24 ಬಿಟ್, ಫೈಲಿನ ಹೆಸರಲ್ಲೇ ಶುರುವಾಗುವ ಟೈಮ್‌ಕೋಡ್, ಅಂದರೆ ಚಿತ್ರದಲ್ಲಿ ಅದು ಶುರುವಾಗುವ ಹೊತ್ತು. ನಮ್ಮ ಟಿವಿ ಸೆಕೆಂಡಿಗೆ 25 ಫ್ರೇಮ್, ಕೆಲವು ಚಿತ್ರಗಳು 24. ಕೆಲಸ ಶುರು ಮಾಡುವ ಮೊದಲೇ ಕೇಳಿಕೊಳ್ಳಿ, 24ರ ಚಿತ್ರವನ್ನು 25ರ ವೇಗದಲ್ಲಿ ಓಡಿಸಿದರೆ ನಿಮಿಷಕ್ಕೆ ಎರಡು ಸೆಕೆಂಡಿಗಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ.

ಟಿವಿ ಕೆಲಸದ ವೇಗವೇ ಬೇರೆ. ವಾರವಾರ ಬರುವ ಕೃಷಿ ಕಾರ್ಯಕ್ರಮಕ್ಕೆ ಪ್ರತಿ ಕಂತಿಗೂ ಹೊಸದಾಗಿ ಬರೆಯಲು ಆಗುವುದಿಲ್ಲ. 30 ಸೆಕೆಂಡಿನ ಶೀರ್ಷಿಕೆ ಸಂಗೀತ, ಅದರಿಂದಲೇ ತೆಗೆದ 5 ಸೆಕೆಂಡಿನ ತುಣುಕುಗಳು, ಮಾತಿನ ಕೆಳಗೆ ಓಡುವ ಕೆಲವು ಉದ್ದದ ಟ್ರ್ಯಾಕುಗಳು, ಇಷ್ಟನ್ನು ಒಂದು ಗಂಟಾಗಿ ಮಾಡಿ ಕೊಡಿ.

ಕೆಲಸ ಎಲ್ಲಿ ಸಿಗುತ್ತದೆ

ಮೊದಲು ವಿದ್ಯಾರ್ಥಿಗಳ ಹತ್ತಿರ ಹೋಗಿ. ಗುಲಬರ್ಗಾ ವಿಶ್ವವಿದ್ಯಾಲಯದಂಥ ಕಡೆ ಪತ್ರಿಕೋದ್ಯಮ ಓದುವವರಿಗೆ ಚಿತ್ರ ಮಾಡುವ ಅವಕಾಶ ಬರುತ್ತಲೇ ಇರುತ್ತದೆ, ಅವರಲ್ಲಿ ಕೆಲವರು ನಾಳೆ ನಿರ್ದೇಶಕರಾಗುತ್ತಾರೆ. ಸ್ವಯಂಸೇವಾ ಸಂಸ್ಥೆಗಳು ನೀರು, ಶಾಲೆ, ಗುಳೆ ಹೋಗುವವರ ಬಗ್ಗೆ ಚಿತ್ರ ಮಾಡಿಸುತ್ತವೆ. ಇಲಾಖೆಗಳ ಮಾಹಿತಿ ಚಿತ್ರ ಇರುತ್ತದೆ. ಬೀದರಿನ ಕರೇಜ್ ಸುರಂಗ ಬಾವಿ, ಸನ್ನತಿಯ ಬೌದ್ಧ ನೆಲೆ, ಮಳಖೇಡದ ಕೋಟೆ ಇವುಗಳ ಮೇಲೆ ಹೊರಗಿನಿಂದ ತಂಡಗಳು ಬಂದು ಶೂಟ್ ಮಾಡುತ್ತವೆ, ಅವರಿಗೆ ಇಲ್ಲಿಯ ವಾದ್ಯದವರು ಬೇಕಾಗಿರುತ್ತಾರೆ. ಆಕಾಶವಾಣಿಯಲ್ಲಿ ಹಾಡುವ, ನುಡಿಸುವ ಕಲಾವಿದರ ಪರಿಚಯ ಇಟ್ಟುಕೊಂಡರೆ ನೀವು ಒಂದು ಫೋನಿನಲ್ಲಿ ತಂಡ ಕಟ್ಟಬಹುದು. ಬೀದರಿನವರಿಗೆ ಹೈದರಾಬಾದ್ ಹತ್ತಿರ, ದೊಡ್ಡ ಸ್ಟುಡಿಯೊ ಬೇಕಾದ ದಿನ ಹೋಗಿ ಬಂದರಾಯಿತು.

ಕೆಲಸ ಕೇಳುವಾಗ ಹತ್ತು ನಿಮಿಷದ ಶೋರೀಲ್ (ನಿಮ್ಮ ಕೆಲಸದ ಮಾದರಿ ವಿಡಿಯೊ) ಕಳಿಸಬೇಡಿ. ಎರಡು ನಿಮಿಷ ಸಾಕು, ಅದರಲ್ಲಿ ಒಂದಾದರೂ ಮನುಷ್ಯರು ಮಾತಾಡುವ ದೃಶ್ಯ ಇರಲಿ. ಬರೀ ಸಂಗೀತ ಕೇಳಿಸಿದರೆ ನೀವು ಒಳ್ಳೆ ಸಂಗೀತಗಾರರು ಅಂತ ಗೊತ್ತಾಗುತ್ತದೆ ಅಷ್ಟೇ, ಮಾತಿನ ಪಕ್ಕ ಹೇಗೆ ನಿಲ್ಲುತ್ತೀರಿ ಅಂತ ಗೊತ್ತಾಗುವುದಿಲ್ಲ.

ದುಡ್ಡು ಮತ್ತು ಕಾಗದ

ಮೊದಲ ಒಂದೆರಡು ವಿದ್ಯಾರ್ಥಿ ಚಿತ್ರ ಬಿಟ್ಟರೆ ಪುಕ್ಕಟೆ ಮಾಡಬೇಡಿ. ರೇಟ್ ಹೇಳುವಾಗ ಒಂದೇ ಮೊತ್ತ ಹೇಳದೆ ಬಿಡಿಸಿ ಬರೆಯಿರಿ: ವಾದ್ಯದವರಿಗೆ ಇಷ್ಟು, ರೆಕಾರ್ಡಿಂಗಿಗೆ ಇಷ್ಟು, ಓಡಾಟಕ್ಕೆ ಇಷ್ಟು, ನನಗೆ ಇಷ್ಟು. ಆಗ ದುಡ್ಡು ಕಡಿಮೆ ಮಾಡಿ ಅಂದರೆ ಯಾವ ವಾದ್ಯ ಬಿಡೋಣ ಅಂತ ಮಾತಾಡಬಹುದು, ನಿಮ್ಮ ಪಾಲು ಕರಗುವುದಿಲ್ಲ. ಅರ್ಧ ಮುಂಗಡ, ಉಳಿದಿದ್ದು ಸ್ಟೆಮ್ ಕೊಡುವ ಮೊದಲು. ಎರಡು ಸಲ ತಿದ್ದುಪಡಿ ಇದರಲ್ಲೇ, ಮೂರನೆಯದಕ್ಕೆ ಬೇರೆ ಅಂತ ಬರೆದಿರಲಿ.

ಹಕ್ಕಿನ ವಿಷಯ ಗಮನ ಇಟ್ಟು ಓದಿ. 1957ರ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಬಂತು. ಅದರ ಪ್ರಕಾರ ಚಿತ್ರಕ್ಕೆ ಮಾಡಿದ ಸಂಗೀತ ಚಿತ್ರಮಂದಿರದ ಹೊರಗೆ ಬಳಕೆಯಾದಾಗ ಸಿಗುವ ರಾಯಲ್ಟಿಯಲ್ಲಿ ಸಂಯೋಜಕರ ಪಾಲನ್ನು ಬಿಟ್ಟುಕೊಟ್ಟೆ ಅಂತ ಬರೆದರೂ ಅದು ನಡೆಯುವುದಿಲ್ಲ. ಕರಾರಿನಲ್ಲಿ ಎಷ್ಟು ವರ್ಷ ಅಂತ ಇಲ್ಲದಿದ್ದರೆ 5 ವರ್ಷ ಅಂತ, ಯಾವ ಜಾಗ ಅಂತ ಇಲ್ಲದಿದ್ದರೆ ಭಾರತ ಅಂತ ಕಾಯ್ದೆ ತಿಳಿದುಕೊಳ್ಳುತ್ತದೆ. ಹೊರದೇಶದ ಚಿತ್ರೋತ್ಸವಕ್ಕೆ ಕಳಿಸುವ ಆಸೆ ಇರುವ ನಿರ್ದೇಶಕರಿಗೆ ಇದನ್ನು ನೀವೇ ಹೇಳಿ ಸರಿಯಾಗಿ ಬರೆದುಕೊಡಿ, ವಿಶ್ವಾಸ ಬೆಳೆಯುತ್ತದೆ. ಸಂಗೀತ, ಸಾಹಿತ್ಯ ಬರೆದವರಿಗೆ ರಾಯಲ್ಟಿ ಸಂಗ್ರಹಿಸಿ ಕೊಡುವ ಐಪಿಆರ್‌ಎಸ್ ಅಂತ ಒಂದು ಸೊಸೈಟಿ ಇದೆ, 1969ರಿಂದ, ಅದರ ಸದಸ್ಯರಾಗಿ. ಪ್ರತಿ ಚಿತ್ರಕ್ಕೂ ಕ್ಯೂ ಶೀಟ್ ಮಾಡಿ, ಅಂದರೆ ಯಾವ ತುಣುಕು, ಎಷ್ಟು ಸೆಕೆಂಡ್, ಯಾರು ಮಾಡಿದ್ದು ಅನ್ನುವ ಪಟ್ಟಿ. ಅದಿಲ್ಲದೆ ಪ್ರಸಾರವಾದ ಸಂಗೀತ ನಿಮ್ಮದು ಅಂತ ಗುರುತಿಸುವುದೇ ಕಷ್ಟ. ಇನ್ನು ವೃತ್ತಿಪರ ಶುಲ್ಕ ಅಂತ ಕೊಡುವಾಗ ಸಾಮಾನ್ಯವಾಗಿ ನೂರಕ್ಕೆ 10 ಟಿಡಿಎಸ್ ಹಿಡಿಯುತ್ತಾರೆ, ನಿಮ್ಮ ಆದಾಯ ಕಡಿಮೆ ಇದ್ದರೆ ರಿಟರ್ನ್ ಹಾಕಿ ವಾಪಸ್ ಪಡೆಯಬಹುದು.

ನಿಮ್ಮ ಹಕ್ಕಿನ ಬಗ್ಗೆ ಇಷ್ಟು ಹೇಳಿದ ಮೇಲೆ ಹಾಡುವವರ ಹಕ್ಕು. ಮಡಿವಾಳಪ್ಪನವರ ಪದ ಎಲ್ಲರದ್ದೂ ಹೌದು. ಆದರೆ ನಿಮ್ಮ ಮೈಕಿನ ಮುಂದೆ ಹಾಡಿದ ಅಜ್ಜನ ಹಾಡುಗಾರಿಕೆ ಅವರದ್ದೇ, ಕಾಯ್ದೆಯಲ್ಲೂ ಪ್ರದರ್ಶಕರ ಹಕ್ಕು ಅಂತ ಇದೆ. ಯಾವ ಚಿತ್ರಕ್ಕೆ, ಎಲ್ಲೆಲ್ಲಿ ಬರುತ್ತದೆ, ಎಷ್ಟು ದುಡ್ಡು ಅಂತ ಒಂದು ಪುಟ ಸರಳ ಕನ್ನಡದಲ್ಲಿ ಬರೆಯಿರಿ. ಓದಲು ಬಾರದಿದ್ದರೆ ಮನೆಯವರ ಎದುರು ಗಟ್ಟಿಯಾಗಿ ಓದಿ ಹೇಳಿ, ಬೇಡ ಅಂದರೆ ರೆಕಾರ್ಡಿಂಗ್ ಅಳಿಸಿ. ದುಡ್ಡು ಅದೇ ದಿನ ಕೊಡಿ, ಸಾವಿರ ರೂಪಾಯಿಗೆ ಅವರನ್ನು ತಿಂಗಳುಗಟ್ಟಲೆ ಫೋನ್ ಮಾಡಿಸಬೇಡಿ. ಚಿತ್ರದ ಕೊನೆಗೆ ಅವರ ಹೆಸರು, ಊರು ಎರಡೂ ಬರಲಿ, ಜನಪದ ಕಲಾವಿದರು ಅಂತ ಒಟ್ಟಾಗಿ ಹಾಕಿ ಮುಗಿಸುವುದು ಅನ್ಯಾಯ.

ಕೊನೆಯದಾಗಿ ಒಂದು ಹೊಸ ತೊಂದರೆ ಇದೆ. ನಿಮ್ಮ ಸಂಗೀತವನ್ನು ವಿತರಕರ ಮೂಲಕ ಆನ್‌ಲೈನ್ ಹಾಕುವಾಗ ಯೂಟ್ಯೂಬಿನ ಕಂಟೆಂಟ್ ಐಡಿಗೂ (ಬೇರೆಯವರ ವಿಡಿಯೊದಲ್ಲಿ ನಿಮ್ಮ ಸಂಗೀತ ಇದೆಯಾ ಅಂತ ತಾನಾಗಿ ಹುಡುಕುವ ವ್ಯವಸ್ಥೆ) ಸೇರಿಸಬೇಕಾ ಅಂತ ಕೇಳುತ್ತಾರೆ. ಊರಿನ ಭಜನೆ, ಅಲಾಯಿ ಪದದ ರೆಕಾರ್ಡಿಂಗ್ ಇರುವ ಟ್ರ್ಯಾಕನ್ನು ಅದಕ್ಕೆ ಸೇರಿಸಿದರೆ, ಅದೇ ಭಜನಾ ಮಂಡಳಿ ನಾಳೆ ತಮ್ಮದೇ ಹಾಡನ್ನು ತಮ್ಮ ಚಾನೆಲಿಗೆ ಹಾಕಿದಾಗ ಅವರ ಮೇಲೆ ನಿಮ್ಮ ಹೆಸರಲ್ಲಿ ಹಕ್ಕಿನ ಕ್ಲೈಮ್ ಬೀಳಬಹುದು. ಅಂಥ ಟ್ರ್ಯಾಕುಗಳ ಮುಂದೆ ಬೇಡ ಅಂತ ಒತ್ತಿ, ವಿತರಕರಿಗೂ ಬರೆದು ತಿಳಿಸಿ.